ಉಸಿರು ಕದಿಯುವ ಜಾಗ

"ಹತ್ತವ್ವಾ, ಇನ್ನೊಂದ್ ಸಲ ನೋಡಾನ," ಎಂದು ಓಬಯ್ಯ ಮತ್ತೆ ಕುಕ್ಕರಗಾಲಲ್ಲಿ ಕೂತ.

ವಾಣಿಶ್ರೀ ಅವನ ಹೆಗಲೇರಿ ತಲೆ ಹಿಡಿದುಕೊಂಡಳು. ಓಬಯ್ಯ ಹಲ್ಲು ಕಚ್ಚಿ ಅರ್ಧ ಎದ್ದ. ಮಂಡಿ ಗಡಗಡ ನಡುಗಿತು. ಇಬ್ಬರೂ ಒಂದು ಕಡೆ ವಾಲಿ, ಧೊಪ್ಪನೆ ನೆಲಕ್ಕೆ ಬಂದರು.

ಯಾರೋ ಕಿಸಕ್ಕೆಂದು ನಕ್ಕರು. ಕೊಟ್ಟೂರೇಶ್ ಮೇಷ್ಟ್ರು ಮಾತ್ರ ನಗಲಿಲ್ಲ. ಹಾರ್ಮೋನಿಯಂ ನಿಲ್ಲಿಸಿ, "ಸಾಕು ಬಿಡ್ರಿ," ಅಂದರು.

ದಾವಣಗೆರೆಯ ಆ ನಾಟಕ ಮಂಡಳಿ ಮೇಷ್ಟ್ರದ್ದೇ. ವಾಣಿ ಎರಡನೇ ಕ್ಲಾಸಿನಿಂದ ಅಲ್ಲಿ ಪುಟ್ಟ ರಾಜಕುಮಾರ. ಸೇನಾಪತಿಯಾಗುವ ಓಬಯ್ಯನ ಹೆಗಲ ಮೇಲೆ ಕೂತು, ಸೆರೆಮನೆಯ ಗೋಡೆಯಾಚೆ ಇರುವ ಅಮ್ಮನಿಗೆ ಕೇಳುವಂತೆ ಹಾಡಬೇಕು. ಊರಿನ ಗೋಡೆಗಳ ಮೇಲೆ 'ಬೇಬಿ ವಾಣಿಶ್ರೀ' ಎಂದು ಅವಳ ಹೆಸರಿರುತ್ತಿತ್ತು. ಈಗ ಆರನೇ ಕ್ಲಾಸಿನ ಪರೀಕ್ಷೆ ಮುಗಿದಿತ್ತು. ಒಂದೇ ವರ್ಷದಲ್ಲಿ ಅವಳು ಉದ್ದಕ್ಕೆ ಬೆಳೆದುಬಿಟ್ಟಿದ್ದಳು.

"ಹರಿಹರದ ಶೋಗೆ ನುಜತ್ ಮಾಡ್ತಾಳೆ," ಅಂದರು ಮೇಷ್ಟ್ರು. "ಹಾಡು ನೀನೇ ಕಲಿಸ್ಬೇಕವ್ವಾ. ನಿನ್ನಷ್ಟು ಗೊತ್ತಿರೋರು ಯಾರದಾರೆ?"

ನುಜತ್ ತಬಲಾ ಬಾರಿಸುವ ಹಿದಾಯತ್ ಚಾಚಾನ ಮಗಳು. ಎರಡನೇ ಕ್ಲಾಸು. ಹಕ್ಕಿಯಷ್ಟು ಹಗುರ.

"ಮತ್ತೆ ನಾನು?" ಎಂದಳು ವಾಣಿ.

"ಹರೆಯದ ಹುಡುಗಿ ಪಾತ್ರಕ್ಕೆ ಇನ್ನೂ ನಾಕೈದು ವರ್ಷ ಬೇಕು."

"ಅಲ್ಲೀತನಕ?"

ಮೇಷ್ಟ್ರು ಹಾರ್ಮೋನಿಯಂ ಪೆಟ್ಟಿಗೆಯ ಮುಚ್ಚಳ ಹಾಕಿದರು.

ಮರುದಿನದಿಂದ ಸರಸ್ವತಿ ನಗರದ ವಾಣಿಯ ಮನೆಗೇ ನುಜತ್ ಬರತೊಡಗಿದಳು. ಜಗಲಿಯ ಮೇಲೆ ಕೂತು ಕಲಿತಳು. ಒಂದು ಸಲ ಕೇಳಿದರೆ ಸಾಕು, ಹಾಗೇ ಹಾಡುತ್ತಿದ್ದಳು. ಅದೇ ವಾಣಿಗೆ ಸಿಟ್ಟು ತರಿಸುತ್ತಿತ್ತು.

"ಕಲ್ಲಿನ ಗೋಡೆಯ ಒಳಗಿರುವೆಯಾ ಅಮ್ಮಾ, ನಿನ್ನ ಕಂದ ಬಂದಿಹೆನು ಒಮ್ಮೆ ಕೂಗಮ್ಮಾ..."

ಕೊನೆಗೆ ಬರುವಷ್ಟರಲ್ಲಿ ನುಜತ್‌ಳ ಕುತ್ತಿಗೆಯ ನರ ಉಬ್ಬುತ್ತಿತ್ತು.

"ಅಕ್ಕಾ, ಉಸಿರು ಎಲ್ಲಿ ತಗೋಬೇಕು?"

ಒಂದು ಜಾಗ ಇತ್ತು. ಮೊದಲನೆಯ 'ಅಮ್ಮಾ' ಮುಗಿಯುತ್ತಲೇ ಕೆನ್ನೆಯನ್ನು ಸೇನಾಪತಿಯ ಕಿರೀಟಕ್ಕೆ ಒರಗಿಸಬೇಕು. ಮಗುವಿಗೆ ದುಃಖ ಬಂತು ಅಂತ ಜನ ತಿಳಿಯುತ್ತಾರೆ. ಅಷ್ಟರಲ್ಲಿ ಉಸಿರು ಕದ್ದುಕೊಳ್ಳಬೇಕು. ಅದನ್ನು ವಾಣಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಎಷ್ಟೋ ಸಲ ತಡವರಿಸಿ, ಬೈಸಿಕೊಂಡು, ತಾನೇ ಹುಡುಕಿಕೊಂಡಿದ್ದಳು. ನೆಲದ ಮೇಲೆ ಕೂತು ಹಾಡಿದರೆ ಹೇಗೋ ಆಗುತ್ತದೆ, ಹೆಗಲ ಮೇಲೆ ಹೊಟ್ಟೆ ಒತ್ತಿ ಉಸಿರು ಸಾಲುವುದಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು.

"ಹಂಗೇ ಹಾಡು," ಅಂದಳು. "ತಾನೇ ಬರ್ತೈತೆ."

ಭಾನುವಾರ ಎಲ್ಲರೂ ಬಸ್ಸಿನಲ್ಲಿ ಹರಿಹರಕ್ಕೆ ಹೋದರು. ಬಸ್‌ಸ್ಟ್ಯಾಂಡ್ ಎದುರು ಮೈಕ್ ಕಟ್ಟಿದ ಆಟೋ ಹೋಗುತ್ತಿತ್ತು. "ಬನ್ನಿ, ನೋಡಿ! ಬೇಬಿ ನುಜತ್ ಅಮೋಘ ಅಭಿನಯ!"

ನುಜತ್ ವಾಣಿಯ ಕೈಯನ್ನು ಗಟ್ಟಿಯಾಗಿ ಹಿಡಿದಳು. ಅವಳ ಅಂಗೈ ಒದ್ದೆಯಾಗಿತ್ತು. "ಅಕ್ಕಾ, ಹೆದರಿಕಿ ಆಗ್ತೈತೆ."

ವಾಣಿಯ ನಾಲಿಗೆ ತುದಿಗೆ ಆ ಜಾಗದ ಮಾತು ಬಂತು. ಆದರೆ ಆಟೋ ಮತ್ತೆ ಆ ಹೆಸರನ್ನು ಕೂಗಿತು. ಅವಳು ಬಾಯಿ ಮುಚ್ಚಿಕೊಂಡಳು.

ಮಧ್ಯಾಹ್ನದ ಶೋ. ಟೆಂಟಿನ ತುಂಬ ಜನ. ತಗಡಿನ ಕುರ್ಚಿಗಳು ಕಿರುಗುಟ್ಟುತ್ತಿದ್ದವು. ವಾಣಿ ಪಕ್ಕದ ಪರದೆಯ ಮರೆಯಲ್ಲಿ, ತಬಲಾದ ಹಿಂದೆ ನಿಂತಳು. ಓಬಯ್ಯ ನುಜತ್‌ಳನ್ನು ಹೂವಿನಂತೆ ಹೆಗಲಿಗೇರಿಸಿಕೊಂಡು ಬೆಳಕಿಗೆ ಹೋದ.

"ಕಲ್ಲಿನ ಗೋಡೆಯ ಒಳಗಿರುವೆಯಾ ಅಮ್ಮಾ, ನಿನ್ನ ಕಂದ..."

ದನಿ ಕಡಿಯಿತು.

ಮೇಷ್ಟ್ರು ಹಾರ್ಮೋನಿಯಂನಲ್ಲಿ ಅದೇ ಸಾಲು ಎತ್ತಿಕೊಟ್ಟರು. ನುಜತ್ ಮತ್ತೆ ಶುರು ಮಾಡಿದಳು. ಮತ್ತೆ ಅಲ್ಲೇ ಕಡಿಯಿತು. ಹಿಂದಿನ ಸಾಲಿನಿಂದ ಯಾರೋ ಶಿಳ್ಳೆ ಹೊಡೆದರು. ಬೆಳಕಿನಲ್ಲಿ ನುಜತ್‌ಳ ಮುಖ ಕೆಂಪಾಗಿತ್ತು. ಅವಳು ಬಾಯಿ ತೆರೆದಳು, ಏನೂ ಬರಲಿಲ್ಲ.

ಇದೇ ಆಗಲಿ ಅಂತ ವಾಣಿ ಕಾದಿದ್ದಳು. ಈಗ ಆಗುತ್ತಿತ್ತು. ಆದರೆ ಅವಳಿಗೆ ಅತ್ತ ನೋಡಲಾಗದೆ ಕಣ್ಣು ಕೆಳಗಿಳಿಸಿದಳು. ಮುಂದೆ ಕೂತಿದ್ದ ಹಿದಾಯತ್ ಚಾಚಾನ ಕುತ್ತಿಗೆ ಮೇಲೆ ಬೆವರು ಇಳಿಯುತ್ತಿತ್ತು. ಅವನು ಮಗಳನ್ನೇ ನೋಡುತ್ತಿದ್ದ. ಕೈ ಮಾತ್ರ ನಿಂತಿರಲಿಲ್ಲ.

ವಾಣಿ ಬಗ್ಗಿದಳು. "ಚಾಚಾ, ಇನ್ನೊಂದು ಸುತ್ತು ಬಾರಿಸ್ರಿ. ಜೋರಾಗಿ!"

ತಬಲಾ ಗುಡುಗಿತು. ಓಬಯ್ಯ ಹಳೇ ನಟ. ತಕ್ಷಣ ತಿಳಿದುಕೊಂಡು, ಗೋಡೆಯ ಸುತ್ತ ದಾರಿ ಹುಡುಕುವವನಂತೆ ನಡೆದ. ಪರದೆಯ ಕಡೆ ತಿರುಗಿದ. ನುಜತ್‌ಳ ಕಣ್ಣು ವಾಣಿಗೆ ಸಿಕ್ಕಿತು.

ವಾಣಿ ಗಾಳಿಯಲ್ಲೇ ಒಂದು ಕಿರೀಟ ಹಿಡಿದಳು. 'ಅಮ್ಮಾ' ಎಂದು ತುಟಿ ಆಡಿಸಿದಳು. ಕೆನ್ನೆ ಒರಗಿಸಿದಳು. ಎದೆ ತುಂಬ ಉಸಿರೆಳೆದು ತೋರಿಸಿದಳು. ಮತ್ತೊಮ್ಮೆ ತೋರಿಸಿದಳು.

ನುಜತ್ ಕಣ್ಣು ಮಿಟುಕಿಸಿದಳು. ಓಬಯ್ಯ ಜನರ ಕಡೆ ತಿರುಗಿದ.

"ಕಲ್ಲಿನ ಗೋಡೆಯ ಒಳಗಿರುವೆಯಾ ಅಮ್ಮಾ..." ಪುಟ್ಟ ಕೆನ್ನೆ ಕಿರೀಟಕ್ಕೆ ಒರಗಿತು. "ನಿನ್ನ ಕಂದ ಬಂದಿಹೆನು ಒಮ್ಮೆ ಕೂಗಮ್ಮಾ..."

ಸಾಲು ಪೂರ್ತಿಯಾಯಿತು. ಶಿಳ್ಳೆ ನಿಂತಿತು. ವಾಣಿ ಪರದೆಯ ಸಂದಿಯಿಂದ ಜನರನ್ನು ನೋಡಿದಳು. ತಾನು ಹೆಗಲ ಮೇಲಿರುತ್ತಿದ್ದಾಗ ಬೆಳಕು ಕಣ್ಣು ಕುಕ್ಕಿ ಒಂದು ಮುಖವೂ ಕಾಣುತ್ತಿರಲಿಲ್ಲ. ಮೂಗು ಸೀಟುವ ಸದ್ದಷ್ಟೇ ಕೇಳುತ್ತಿತ್ತು. ಈಗ ಮುಂದಿನ ಸಾಲಿನ ಅಜ್ಜಿಯೊಬ್ಬಳು ಸೆರಗಿನಿಂದ ಕಣ್ಣೊರೆಸಿಕೊಳ್ಳುವುದು ಕಂಡಿತು. ಪಕ್ಕದಲ್ಲಿದ್ದ ಮೀಸೆಯ ಗಂಡಸೂ ಹಾಗೇ ಮಾಡುತ್ತಿದ್ದ.

ಶೋ ಮುಗಿದ ಮೇಲೆ ನುಜತ್ ಟೆಂಟಿನ ಹಿಂದಕ್ಕೆ ಓಡಿ ಬಂದಳು. ಬಣ್ಣ ಇನ್ನೂ ಮುಖದ ಮೇಲಿತ್ತು.

"ಅಕ್ಕಾ, ಆ ಜಾಗ ಮೊದ್ಲೇ ಯಾಕ ಹೇಳ್ಲಿಲ್ಲ?"

ಮರೆತೆ ಅನ್ನಬಹುದಿತ್ತು. ವಾಣಿ ಕಾಲ್ಬೆರಳಿಂದ ಮಣ್ಣು ಕೆದಕಿದಳು. "ಹೇಳ್ಬಾರ್ದು ಅನ್ಕೊಂಡಿದ್ದೆ."

ನುಜತ್ ಒಂದು ಹೆಜ್ಜೆ ಹಿಂದೆ ಸರಿದಳು. ಅವಳ ಕೆಳತುಟಿ ಅದುರಿತು. ತಿರುಗಿ ಹೋಗಿಬಿಡುತ್ತಾಳೆ ಅನ್ನಿಸಿತು ವಾಣಿಗೆ. ಹೋಗಲಿಲ್ಲ.

"ಸಂಜಿ ಶೋ ಐತೆ," ಅಂದಳು ನುಜತ್, ಮೂಗೊರೆಸಿಕೊಳ್ಳುತ್ತಾ. "ಸರಿಯಾಗಿ ತೋರ್ಸು. ಬಾಯಿ ಬಿಟ್ಟು ಹಾಡಿ ತೋರ್ಸು."

ವಾಣಿ ನೆಟ್ಟಗೆ ನಿಂತು ಹಾಡಿದಳು. 'ಅಮ್ಮಾ' ಬಂತು, ದಾಟಿತು. 'ಕಂದ' ಬಂತು, ದಾಟಿತು. ಸಾಲು ಕೊನೆಯ ತನಕ ನದಿಯ ಹಾಗೆ ಹರಿದು ನಿಂತಿತು.

"ಅಕ್ಕಾ! ನೀನು ಉಸಿರೇ ತಗೊಳ್ಲಿಲ್ಲ!"

ವಾಣಿ ಎದೆಯ ಮೇಲೆ ಕೈಯಿಟ್ಟುಕೊಂಡಳು. ಒಳಗೆ ಇನ್ನೂ ಗಾಳಿ ಉಳಿದಿತ್ತು. ಈಗ ಕೇಳಿದ ದನಿ ಪುಟ್ಟ ರಾಜಕುಮಾರನದಾಗಿರಲಿಲ್ಲ. ಅದು ಅದಕ್ಕಿಂತ ಕೆಳಗಿತ್ತು, ಅದಕ್ಕಿಂತ ಅಗಲವಾಗಿತ್ತು. ಯಾರದು ಅಂತ ಅವಳಿಗೂ ಇನ್ನೂ ಪೂರ್ತಿ ಗೊತ್ತಿರಲಿಲ್ಲ.

"ಇನ್ನೊಂದ್ ಸಲ," ಅಂದಳು. ಈ ಸಲ ಮೆಲ್ಲಗೆ, ತಾನೇ ಕೇಳಿಸಿಕೊಳ್ಳುತ್ತಾ ಹಾಡಿದಳು.