ಮೂರನೇ ಸಾಲಿನ ಅಳು

“ಮಗು ಕಟ್ಕೊಂಡಿರೋ ಬಟ್ಟೆ ಬಿಚ್ಚಬೇಕು ಪುಟ್ಟಿ. ಮಗು ಬೆನ್ನ ಮೇಲಿದ್ರೆ ನೀನು ಬೆಲ್ಟ್ ಹಾಕ್ಕೊಳ್ಳೋದು ಹೇಗೆ?” ಎಂದಳು ಗಗನಸಖಿ.

ಲಿಸೆಲಿ ಎದೆಯ ಮೇಲಿದ್ದ, ಮಗುವನ್ನು ಬೆನ್ನಿಗೆ ಕಟ್ಟುವ ಚಿತೆಂಗೆ ಬಟ್ಟೆಯ ಗಂಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. ನಾಲ್ಕು ತಿಂಗಳ ತಮ್ಮ ಲುಬಿಂದ ಆ ಬಟ್ಟೆಯೊಳಗೆ ಅವಳ ಬೆನ್ನಿಗೆ ಕೆನ್ನೆಯೊತ್ತಿ ನಿದ್ದೆಮಾಡುತ್ತಿದ್ದ. ಕೆಳಗಿಳಿಸಿದರೆ ಏಳುತ್ತಾನೆ. ಎದ್ದರೆ ಅಳುತ್ತಾನೆ. ಅತ್ತರೆ ಎಲ್ಲವೂ ಮುಗಿದಂತೆ.

ಯಾಕೆಂದರೆ ಅಪ್ಪ ಲುಬಿಂದನನ್ನು ದೂರದ ನದಿಬಯಲಿನ ಊರು ಮೊಂಗುವಿನಲ್ಲಿ ಅಜ್ಜಿಯ ಬಳಿ ಬಿಟ್ಟುಬರಲು ಹೊರಟಿದ್ದರು. ಅಮ್ಮ ತೀರಿಕೊಂಡು ಐದು ವಾರವಾಗಿತ್ತು. ಅಪ್ಪ ಆಫೀಸಿಗೆ, ಲಿಸೆಲಿ ಐದನೇ ಕ್ಲಾಸಿಗೆ ಹೋದರೆ ಲುಸಾಕಾದ ಮನೆಯಲ್ಲಿ ಮಗುವನ್ನು ನೋಡುವವರು ಯಾರು?

“ನಾನು ನೋಡ್ಕೋತೀನಿ,” ಎಂದು ಲಿಸೆಲಿ ಹಟ ಹಿಡಿದಿದ್ದಳು. “ದಾರೀಲಿ ಇವನು ಒಂದು ಸಲಾನೂ ಅಳದೇ ಇರೋ ಹಾಗೆ ನೋಡ್ಕೊಂಡ್ರೆ ವಾಪಸ್ ಕರ್ಕೊಂಡು ಬರ್ತೀರಾ ಅಪ್ಪ?”

ಅಪ್ಪ “ನೋಡೋಣ” ಎಂದಿದ್ದರು. ದೊಡ್ಡವರ ‘ನೋಡೋಣ’ದಲ್ಲಿ ಎಷ್ಟು ‘ಇಲ್ಲ’ ಇರುತ್ತದೆ ಎಂದು ಎಲ್ಲ ಮಕ್ಕಳಿಗೂ ಗೊತ್ತು. ಆದರೂ ಲಿಸೆಲಿ ಅದನ್ನು ‘ಹೂಂ’ ಎಂದೇ ಇಟ್ಟುಕೊಂಡಿದ್ದಳು.

ವಿಮಾನ ಹತ್ತುವಾಗ ಅಪ್ಪ ಇನ್ನೊಂದು ಮಾತು ಹೇಳಿದ್ದರು. “ಕೂತ್ಕೊಳ್ಳೋಕೆ ಮುಂಚೆ ಅಕ್ಕಪಕ್ಕದವರಿಗೆ ಚಪ್ಪಾಳೆ ತಟ್ಟಿ ಹೇಳು. ಇವನು ಯಾರು, ಎಲ್ಲಿಗೆ ಹೋಗ್ತಿದಾನೆ, ಅತ್ರೆ ಬೇಜಾರು ಮಾಡ್ಕೋಬೇಡಿ ಅಂತ.”

ಮೊಂಗುವಿನ ಕಡೆ ಮಗುವಿನೊಂದಿಗೆ ದೋಣಿ ಹತ್ತಿದವರು ಹಾಗೆ ಹೇಳದೆ ಕೂರುವುದಿಲ್ಲ. ಹೇಳಬೇಕಾದವರು ಮಗುವನ್ನು ಹೊತ್ತವರೇ. ಮಂಡಿಯೂರಿ, ಅಂಗೈಗಳನ್ನು ಬಟ್ಟಲಿನ ಹಾಗೆ ಮಾಡಿ, ಮೆಲ್ಲಗೆ ಚಪ್ಪಾಳೆ ತಟ್ಟಿ ಮಗುವಿನ ಸಮಾಚಾರ ಹೇಳುತ್ತಾರೆ. ಆಮೇಲೆ ದಡ ಸೇರುವ ತನಕ ಅದು ದೋಣಿಯವರೆಲ್ಲರ ಮಗು.

ಲಿಸೆಲಿ ಸುತ್ತ ನೋಡಿದ್ದಳು. ಇಸ್ತ್ರಿ ಮಾಡಿದ ಅಂಗಿಗಳು, ಲ್ಯಾಪ್‌ಟಾಪ್, ಕಿವಿಯಲ್ಲಿ ಇಯರ್‌ಫೋನ್. “ಇದೇನು ದೋಣೀನಾ ಅಪ್ಪ? ಎಲ್ಲಾ ನಗ್ತಾರೆ,” ಎಂದಿದ್ದಳು.

ನಗುತ್ತಾರೆ ಎನ್ನುವುದು ಅರ್ಧ ನಿಜ. ಮಗುವಿನ ಸಮಾಚಾರ ಹೇಳುವುದೆಂದರೆ ‘ಇವನಿಗೆ ಅಮ್ಮ ಇಲ್ಲ’ ಎಂದೂ ಹೇಳಬೇಕಿತ್ತು. ಆ ಮಾತನ್ನು ಲಿಸೆಲಿ ಇದುವರೆಗೆ ಒಂದು ಸಲವೂ ಬಾಯಿಬಿಟ್ಟು ಆಡಿರಲಿಲ್ಲ. ಬೇರೆ ದಿನವಾಗಿದ್ದರೆ ಅಪ್ಪ ಹೇಳಿಸದೆ ಬಿಡುತ್ತಿರಲಿಲ್ಲ. ಈಗೀಗ ಅವರಿಗೆ ಯಾರೊಂದಿಗೂ ಮಾತು ಬೆಳೆಸುವ ಶಕ್ತಿ ಇರಲಿಲ್ಲ.

ಗಗನಸಖಿ ಕಾಯುತ್ತಲೇ ಇದ್ದಳು. ಲಿಸೆಲಿ ಗಂಟು ಬಿಚ್ಚಿದಳು. ಲುಬಿಂದ ಅಪ್ಪನ ತೊಡೆಗೆ ಬಂದ. ಅವನಿಗೊಂದು ಪುಟ್ಟ ಬೆಲ್ಟ್ ಸಿಕ್ಕಿತು. ಕಣ್ಣೂ ಬಿಟ್ಟ.

ಮೂರನೇ ಸಾಲಿನಲ್ಲಿ ಕಿಟಕಿಯ ಬಳಿ ಲಿಸೆಲಿ, ಪಕ್ಕದಲ್ಲಿ ಅಪ್ಪ. ವಿಮಾನ ಹೊರಡಲಿಲ್ಲ. ಏನೋ ತಡ ಅಂತೆ. ಲುಬಿಂದ ಮುಖ ಕಿವುಚಿ ಕುಂಯ್‌ಗುಡತೊಡಗಿದ. ಲಿಸೆಲಿ ತಟ್ಟನೆ ಹಾಲಿನ ಬಾಟಲಿ ತೆಗೆದು ಅವನ ಬಾಯಿಗಿಟ್ಟಳು.

“ಒಂದು ಬಾಟಲಿ ವಿಮಾನ ಇಳಿಯೋವಾಗ್ಲೇ ಕೊಡ್ಬೇಕು, ನೆನಪಿದೆ ತಾನೆ?” ಎಂದರು ಅಪ್ಪ. ವಿಮಾನ ಇಳಿಯುವಾಗ ಮಕ್ಕಳ ಕಿವಿ ನೋಯುತ್ತದೆ, ಏನಾದರೂ ಚೀಪುತ್ತಿದ್ದರೆ ನೋವು ಕಡಿಮೆ ಎಂದು ಕ್ಲಿನಿಕ್ಕಿನ ನರ್ಸ್ ಹೇಳಿ ಕಳಿಸಿದ್ದಳು. ಇದ್ದದ್ದು ಎರಡೇ ಬಾಟಲಿ.

“ನೆನಪಿದೆ.”

ವಿಮಾನ ಮೇಲೇರುವಷ್ಟರಲ್ಲಿ ಮೊದಲನೆಯದು ಖಾಲಿ. ಸ್ವಲ್ಪ ಹೊತ್ತಿಗೆ ಲುಬಿಂದ ಮತ್ತೆ ಕೊಸರಾಡಿದ. ಮುಂದಿನ ಸೀಟಿನ ಬಿಳಿ ಅಂಗಿಯವರು ಕತ್ತು ತಿರುಗಿಸಿ ನೋಡಿದರು.

ಸೀಟುಗಳ ನಡುವಿನ ದಾರಿಯ ಆಚೆ ಬದಿಯಲ್ಲಿ ಹಳದಿ ತಲೆವಸ್ತ್ರದ ಹೆಂಗಸೊಬ್ಬರು ಕೂತಿದ್ದರು. ಅವರು ಎರಡೂ ಕೈ ಚಾಚಿ “ಇಲ್ಲಿ ಕೊಡು ಮಗಳೇ, ಒಂಚೂರು ಎತ್ಕೋತೀನಿ,” ಎಂದರು.

“ಬೇಡ ಆಂಟಿ. ನಾನೇ ನೋಡ್ಕೋತೀನಿ.”

ಬೇರೆಯವರು ಎತ್ತಿಕೊಂಡರೆ ತಾನು ಸೋತಂತೆ ಎಂದು ಲಿಸೆಲಿಯ ಲೆಕ್ಕ. ಅಪ್ಪ ಕಣ್ಣು ಮುಚ್ಚಿಕೊಂಡಿದ್ದರು. ಅವಳು ಎರಡನೇ ಬಾಟಲಿಯನ್ನು ಹೊರತೆಗೆದಳು. ಅರ್ಧ ಕೊಟ್ಟು ಉಳಿಸೋಣ ಅಂದುಕೊಂಡಳು. ಅರ್ಧಕ್ಕೆ ಕಿತ್ತುಕೊಂಡರೆ ಕಿರುಚುವುದಿಲ್ಲವೇ? ಲುಬಿಂದ ಪೂರ್ತಿ ಕುಡಿದು, ತೇಗಿ, ಮಲಗಿದ.

ಮುಕ್ಕಾಲು ಗಂಟೆ ವಿಮಾನದಲ್ಲಿ ಅಷ್ಟು ಒಳ್ಳೆಯ ಮಗು ಇನ್ನೊಂದಿರಲಿಲ್ಲ. ಲಿಸೆಲಿ ಕಣ್ಣು ಮಿಟುಕಿಸದೆ ಕಾವಲು ಕೂತಿದ್ದಳು. ಮನಸ್ಸಿನಲ್ಲಿ ಆಗಲೇ ಅವನನ್ನು ಲುಸಾಕಾಗೆ ವಾಪಸ್ ಕರೆತಂದು, ತೊಟ್ಟಿಲನ್ನು ತನ್ನ ಮಂಚದ ಪಕ್ಕಕ್ಕೆ ಎಳೆದುಕೊಂಡಿದ್ದಳು.

ವಿಮಾನ ಇಳಿಯತೊಡಗಿತು. ಲಿಸೆಲಿಯ ಕಿವಿ ಗುಂಯ್ ಎಂದಿತು.

ಲುಬಿಂದ ಕಿರುಚಿಕೊಂಡ. ಹಸಿವಿನ ಅಳುವಲ್ಲ, ನೋವಿನ ಅಳು. ಮೈಯೆಲ್ಲ ಸೆಟೆಸಿ, ಉಸಿರು ಕಟ್ಟಿಕೊಂಡು ಅಳತೊಡಗಿದ.

“ಬಾಟಲಿ ಕೊಡು,” ಎಂದರು ಅಪ್ಪ.

ಲಿಸೆಲಿ ಖಾಲಿ ಬಾಟಲಿಗಳನ್ನು ನೋಡಿದಳು. ಅಪ್ಪನೂ ನೋಡಿದರು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸಿತು. ಅಪ್ಪ ಮಗುವನ್ನು ಭುಜಕ್ಕೆ ಹಾಕಿಕೊಂಡರು, ತೊಡೆಯ ಮೇಲೆ ತೂಗಿದರು. ಅವರ ದೊಡ್ಡ ಕೈಗಳಿಗೆ ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ.

ಬಿಳಿ ಅಂಗಿಯವರು ತಿರುಗಿದರು. “ಎಷ್ಟೊತ್ತು ಹೀಗೆ ಅಳಿಸ್ತೀರಿ ಸ್ವಾಮಿ? ಈ ಮಗು ಅಮ್ಮ ಎಲ್ಲಿ? ಹಿಂದೆ ಕೂತಿದ್ರೆ ಅವರ ಕೈಗೆ ಕೊಡಬಾರ್ದಾ?”

ಅಪ್ಪ ತಲೆ ತಗ್ಗಿಸಿ ಮಗುವಿನ ಬೆನ್ನು ತಟ್ಟತೊಡಗಿದರು. ಸ್ಮಶಾನದಲ್ಲೂ ಅಪ್ಪ ಹೀಗೆಯೇ ತಲೆ ತಗ್ಗಿಸಿ ನಿಂತಿದ್ದರು. ಲಿಸೆಲಿ ಎರಡೂ ಅಂಗೈ ಕೂಡಿಸಿ, ಮೆಲ್ಲಗೆ, ಮೂರು ಸಲ ಚಪ್ಪಾಳೆ ತಟ್ಟಿದಳು. ಬೆಲ್ಟ್ ಇದ್ದದ್ದರಿಂದ ಮಂಡಿಯೂರಲು ಆಗಲಿಲ್ಲ.

“ಇವನು ಲುಬಿಂದ. ನನ್ನ ತಮ್ಮ,” ಎಂದಳು. “ಅಜ್ಜಿ ಮನೆಗೆ ಹೋಗ್ತಿದಾನೆ. ಇವನಿಗೆ ಅಮ್ಮ ಇಲ್ಲ. ತೀರ್ಕೊಂಡ್ರು. ಅದಕ್ಕೇ ಅಳ್ತಾನೆ. ಅಲ್ಲ, ಕಿವಿ ನೋಯ್ತಿದೆ, ಅದಕ್ಕೆ. ಹಾಲನ್ನೆಲ್ಲ ನಾನೇ ಮೊದಲೇ ಕೊಟ್ಬಿಟ್ಟೆ. ತಪ್ಪಾಯ್ತು.”

ಬಿಳಿ ಅಂಗಿಯವರ ಮುಖ ಸಣ್ಣದಾಯಿತು. ಸೀಟುಗಳ ಸಂದಿಯಿಂದ ಅವರ ಎರಡು ಕೈಗಳು ಕಾಣಿಸಿದವು. ಅವೂ ಮೆಲ್ಲಗೆ ಚಪ್ಪಾಳೆ ತಟ್ಟಿದವು. ಅವರ ಕಡೆ ಸಾವಿನ ಮನೆಗೆ ಹೋದವರು ಹೊಸ್ತಿಲಲ್ಲಿ ಹಾಗೆಯೇ ತಟ್ಟುತ್ತಾರೆ.

“ನಂಗೆ ಗೊತ್ತಾಗ್ಲಿಲ್ಲ ಮಗಳೇ,” ಎಂದರು ಅವರು.

“ಹೇಳಿದ್ರೆ ತಾನೇ ಗೊತ್ತಾಗೋದು,” ಎಂದರು ಹಳದಿ ತಲೆವಸ್ತ್ರದ ಹೆಂಗಸು. ಗದರಿದ ಹಾಗಿದ್ದರೂ ಅದು ಗದರಿಕೆಯಾಗಿರಲಿಲ್ಲ. ಆಗಲೇ ಅವರು ನೀರಿನ ಬಾಟಲಿ ಬಗ್ಗಿಸಿ ಕಿರುಬೆರಳು ತೊಳೆಯುತ್ತಿದ್ದರು. ದಾರಿಯ ಮೇಲಿಂದ ಕೈ ಚಾಚಿ, ಬೆರಳನ್ನು ಲುಬಿಂದನ ಬಾಯೊಳಗಿಟ್ಟರು. “ಹಾಲೇ ಆಗ್ಬೇಕು ಅಂತ ಏನಿಲ್ಲ. ಚೀಪೋಕೆ ಏನಾದ್ರೂ ಇದ್ರೆ ಸಾಕು.”

ಲುಬಿಂದ ಬಿಕ್ಕಿದ. ಚೀಪಿದ. ಮತ್ತೆ ಬಿಕ್ಕಿದ. ನಿಧಾನವಾಗಿ ಅವನ ಬಿಗಿದ ಮುಷ್ಟಿಗಳು ಸಡಿಲವಾದವು. ಆ ಹೆಂಗಸು ಚಾಚಿದ ಕೈಯನ್ನು ಹಿಂತೆಗೆಯಲೇ ಇಲ್ಲ. ನೋವಾಗುತ್ತಿತ್ತೋ ಏನೋ, ಎರಡು ಸಲ ಭುಜ ಸರಿಮಾಡಿಕೊಂಡರು, ಅಷ್ಟೇ.

ಲಿಸೆಲಿ ಕಿಟಕಿಯ ಕಡೆ ತಿರುಗಿದಳು. ಕೆಳಗೆ ಬಯಲಿನ ತುಂಬ ನೆರೆನೀರು ಹರಡಿತ್ತು. ಒಂದು ದೋಣಿ ಹೋಗುತ್ತಿತ್ತು. ಇದು ಅವಳ ಮೊದಲ ವಿಮಾನ ಪ್ರಯಾಣ. ಇಷ್ಟು ಹೊತ್ತು ಒಂದು ಸಲವೂ ಹೊರಗೆ ನೋಡಿರಲಿಲ್ಲ.

ಇಳಿದ ಮೇಲೆ ಅಪ್ಪನೇ ಮಗುವನ್ನು ಎತ್ತಿಕೊಂಡರು. ಬಿಸಿಲಿನಲ್ಲಿ ಗೇಟಿನ ಕಡೆ ನಡೆಯುವಾಗ ಲಿಸೆಲಿ ಹೇಳಿದಳು, “ಇವನು ಅಜ್ಜಿ ಹತ್ರಾನೇ ಇರ್ಲಿ ಅಪ್ಪ.”

“ನಿನ್ನ ಕೈಲಿ ಆಗ್ಲಿಲ್ಲ ಅಂತ ಅಲ್ಲ ಲಿಸೆಲಿ. ನನ್ನ ಕೈಲೂ ಆಗ್ತಿಲ್ಲ,” ಎಂದರು ಅಪ್ಪ. “ರಜ ಸಿಕ್ಕಾಗೆಲ್ಲ ಬರೋಣ. ಇದು ‘ನೋಡೋಣ’ ಅಲ್ಲ. ಬರೋಣ.”

ಗೇಟಿನಲ್ಲಿ ಅಜ್ಜಿ ಕಾಯುತ್ತಿದ್ದಳು. ಅವಳು ನೇರ ಲುಬಿಂದನ ಕಡೆ ಓಡುತ್ತಾಳೆಂದು ಲಿಸೆಲಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಆದರೆ ಅಜ್ಜಿ ಓಡಿಬಂದದ್ದು ಲಿಸೆಲಿಯ ಬಳಿಗೆ. ಅವಳ ತಲೆಯನ್ನು ತನ್ನ ಎದೆಗೆ ಒತ್ತಿಕೊಂಡಳು.

ಅಮ್ಮನನ್ನು ಮಣ್ಣುಮಾಡಿದ ದಿನವೂ ಲಿಸೆಲಿ ಅತ್ತಿರಲಿಲ್ಲ. ಈಗ ಅಳು ಬಂತು, ಲುಬಿಂದನ ಅಳುವಿನಷ್ಟೇ ಜೋರಾಗಿ. ಸುತ್ತ ಜನ ಸಾಮಾನು ಹಿಡಿದು ನಿಂತಿದ್ದರು. ಬಾಯಿ ಮುಚ್ಚಿಕೊಳ್ಳಲು ಅವಳು ಕೈ ಎತ್ತಿದಳು. ಆಮೇಲೆ ಆ ಕೈಯನ್ನು ಇಳಿಸಿ, ಅಜ್ಜಿಯ ಸೊಂಟ ತಬ್ಬಿಕೊಂಡು, ಅಳು ಮುಗಿಯುವ ತನಕ ಅತ್ತಳು.