ಹೊಳೆಗೆ ಹೋಗಿ ಬಾ ಎಂದವಳು

ಬಹಳ ಬಹಳ ಹಿಂದೆ, ಗುಡ್ಡಗಳು ಇನ್ನೂ ತಮಗೊಂದು ಜಾಗ ಹುಡುಕಿಕೊಂಡು ಕೂರುತ್ತಿದ್ದ ಕಾಲದಲ್ಲಿ, ಮಡುವಿನಕೋಟೆ ಎಂಬ ರಾಜ್ಯವಿತ್ತು. ಆ ರಾಜ್ಯದ ನಟ್ಟನಡುವೆ ತಾಳಂಬೆ ಎಂಬ ಹೊಳೆ ಹರಿಯುತ್ತಿತ್ತು. ಆ ಹೊಳೆಗೆ ಮನುಷ್ಯರ ಮಾತು ತಿಳಿಯುತ್ತಿತ್ತು. ಅಲ್ಲಿನವರಿಗೆ ಅದೇನೂ ಆಶ್ಚರ್ಯವಲ್ಲ. ಹೊಳೆ ಅಂದಮೇಲೆ ಮಾತು ತಿಳಿಯದೆ ಇರುತ್ತದೆಯೇ ಎಂದು ಅವರು ತಿರುಗಿ ನಮ್ಮನ್ನೇ ಕೇಳಿಯಾರು.

ಮಳೆಗಾಲ ಮುಗಿದು ಕೆಂಪು ನೀರು ತಿಳಿಯಾದ ಮೇಲೆ ಅಲ್ಲಿ ಹೊಳೆಹಬ್ಬ. ಆ ದಿನ ತಾಳಂಬೆ ತವರಿಗೆ ಬಂದ ಮಗಳು. ಬೆಳಿಗ್ಗೆ ಹೆಂಗಸರು ಮೊರದಲ್ಲಿ ಅರಿಶಿನ, ಕುಂಕುಮ, ಬಳೆ, ಬಾಚಣಿಗೆ, ಅಕ್ಕಿ, ಬೆಲ್ಲ ಇಟ್ಟು ಬಾಗಿನ ಕೊಡುತ್ತಿದ್ದರು. ಆಮೇಲೆ ಊರೂರಿನವರು ತಮ್ಮ ತಮ್ಮ ಕಟ್ಟೆಯ ಮೇಲೆ ನಿಂತು ಹೊಳೆಗೆ ಸುದ್ದಿ ಹೇಳುತ್ತಿದ್ದರು. ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಿದರು, ಯಾವ ಮರ ಬಿತ್ತು, ಈ ಸಲ ಗೀಜಗ ಎಷ್ಟು ಎತ್ತರಕ್ಕೆ ಗೂಡು ಹಾಕಿದೆ, ಅಜ್ಜಂದಿರ ಕಾಲದ ಹಳೇ ಸೇತುವೆಯ ಕಥೆಯೇನು, ಎಲ್ಲ. ಸಂಜೆ ಎಲೆದೊನ್ನೆಯಲ್ಲಿ ದೀಪ ಬಿಡುತ್ತಿದ್ದರು. ಕೊನೆಗೆ ಎಲ್ಲರೂ ಒಟ್ಟಿಗೆ, "ಹೋಗಿ ಬಾ ತಾಯಿ" ಎಂದು ಕಳಿಸಿಕೊಟ್ಟರೆ ಹಬ್ಬ ಮುಗಿಯಿತು. ತವರಿನವರು ಹೋಗಿ ಬಾ ಅನ್ನದೆ ಯಾವ ಮಗಳೂ ಹೊಸಿಲು ದಾಟುವುದಿಲ್ಲವಲ್ಲ, ಹಾಗೆ.

ಹಬ್ಬಕ್ಕೆ ಇದ್ದದ್ದು ಒಂದೇ ಕಟ್ಟಳೆ. ಆ ದಿನ ಹೊಳೆಯ ಹತ್ತಿರ ಯಾರೂ ಏನನ್ನೂ ಬೇಡಬಾರದು. ಮೀನು ಕೊಡು, ಬೆಳೆ ಕೊಡು, ಮಗು ಕೊಡು ಎಂದು ವರ್ಷವೆಲ್ಲ ಬೇಡುವುದು ಇದ್ದೇ ಇದೆ. ಆ ಒಂದು ದಿನ ಮಾತ್ರ ಚೆನ್ನಾಗಿದ್ದೀಯಾ ಎಂದು ವಿಚಾರಿಸಬೇಕು, ಅಷ್ಟೇ. ಯಾಕೆಂದರೆ ತವರಿಗೆ ಬಂದ ಮಗಳು ತವರಿನವರ ಮಾತಿಗೆ ಇಲ್ಲ ಅನ್ನಲಾರಳು. ಏನು ಬೇಡಿದರೂ ಕೊಟ್ಟುಬಿಡುತ್ತಾಳೆ.

ಒಂದು ವರ್ಷ ರಾಜ ಬೊಪ್ಪರಸ ಹಬ್ಬಕ್ಕೆ ನೆರೆರಾಜ್ಯದ ಅತಿಥಿಗಳನ್ನು ಕರೆದ. ಅರಮನೆಯ ಮುಂದೆ ಮಂಟಪ ಹಾಕಿಸಿದ. ಸಂಜೆ ದೀಪ ಬಿಟ್ಟರು. ದೀಪಗಳು ಮಂಟಪದ ಮುಂದೆ ಬಂದವು, ನೋಡನೋಡುತ್ತಲೇ ಹರಿದು ಹೋದವು.

"ಇಷ್ಟೇನಾ?" ಎಂದ ಒಬ್ಬ ಅತಿಥಿ. "ಕತ್ತು ತಿರುಗಿಸೋದ್ರಲ್ಲಿ ಮುಗಿದೇ ಹೋಯ್ತಲ್ಲ."

ಅತಿಥಿಗಳ ಸಾಲಿನ ಹಿಂದೆ ಕಂಕಾಳಯ್ಯ ಎಂಬ ಮಾಂತ್ರಿಕ ಕೂತಿದ್ದ. ಅವನು ರಾಜನ ಕಿವಿಯ ಹತ್ತಿರ ಬಾಗಿ, "ಒಂದು ಗಳಿಗೆ ನಿಲ್ಲು ಅನ್ನಿ ಪ್ರಭು. ನಿಮ್ಮ ಮಾತಿಗೆ ಹೊಳೆ ಇಲ್ಲ ಅಂದೀತೆ?" ಎಂದ.

ರಾಜನಿಗೆ ಕಟ್ಟಳೆ ಗೊತ್ತಿತ್ತು. ಒಂದು ಗಳಿಗೆಯ ಮಾತು ತಾನೆ ಎಂದುಕೊಂಡ. ಎದ್ದು ನಿಂತು, "ತಾಳಂಬೆ, ಒಂಚೂರು ನಿಲ್ಲಮ್ಮ" ಎಂದ.

ಹೊಳೆ ನಿಂತಿತು.

ಅಲೆ ಅಲೆಯಾಗಿಯೇ ನಿಂತಿತು, ನೆಗೆದ ಮೀನು ಗಾಳಿಯಲ್ಲೇ ನಿಂತಿತು, ದೀಪದ ಕುಡಿಯೂ ಅಲುಗದೆ ನಿಂತಿತು. ಕಂಕಾಳಯ್ಯ ಬಾಗಿ, ದಾರ ಎಳೆದಂತೆ ಹೊಳೆಯ ಹರಿವನ್ನು ಎಳೆದು ತಾಮ್ರದ ಗಿಂಡಿಗೆ ತುಂಬಿಕೊಂಡ. ಬಾಯಿಗೆ ಕರಿದಾರ ಕಟ್ಟಿದ. ಹರಿವನ್ನು ಇಟ್ಟುಕೊಂಡವನಿಗೆ ಆದ ವಯಸ್ಸೂ ಕಳಚುತ್ತದೆ, ಮತ್ತೆ ಮುಪ್ಪಿಲ್ಲ. ಅದಕ್ಕಾಗಿ ಅವನು ವರ್ಷಗಟ್ಟಲೆ ಕಾದಿದ್ದ. ಯಾರಾದರೂ ಏನಾದರೂ ಅನ್ನುವ ಮೊದಲೇ ಹೊಳೆ ಹುಟ್ಟುವ ಬೆಟ್ಟದ ಕಡೆ ಹಾರಿಹೋದ.

ಜನ ದಡದ ಮೇಲೆ ನಿಂತು, "ಹೋಗಿ ಬಾ ತಾಯಿ, ಹೋಗಿ ಬಾ" ಎಂದು ಕೂಗಿದರು. ಹರಿವಿಲ್ಲದ ನೀರಿಗೆ ಕಿವಿ ಎಲ್ಲಿ? ಕೊಡ ಅದ್ದಲು ಹೋದರೆ ಠಣ್ ಎಂದಿತು.

ಹೊಳೆ ನಿಂತ ಗಳಿಗೆಯಲ್ಲಿ ಅದರ ನಡುವೆ ಒಂದು ಹರಿಗೋಲು ಇತ್ತು. ಅದರಲ್ಲಿ ಅಂಬಿಗ ಮೈಲಾರಪ್ಪ ಹುಟ್ಟು ಎತ್ತಿಕೊಂಡು, ಹಾಡಲು ಬಾಯಿ ತೆರೆದುಕೊಂಡು, ಹಾಗೇ ನಿಂತುಬಿಟ್ಟಿದ್ದ.

ಅವನಿಗೆ ಹಾಲವ್ವ ಎಂಬ ಮಗಳು. ತಾಯಿ ಇಲ್ಲ. ಹಾಲವ್ವ ಮಾತು ಕಡಿಮೆಯ ಹುಡುಗಿ. ಯಾರಾದರೂ ಮಾತಾಡಿಸಿದರೆ ಮೊದಲು ನೆಲ ನೋಡುವಳು, ಆಮೇಲೆ ಉತ್ತರ ಹೇಳುವಳು. ಅಷ್ಟರಲ್ಲಿ ಎದುರಿನವರು ಹೊರಟೇ ಹೋಗಿರುತ್ತಿದ್ದರು. ಅವಳು ದಿನವೂ ಗಾಜಿನಂತಾದ ನೀರಿನ ಮೇಲೆ ನಡೆದು ಹೋಗಿ, ಸೆರಗಿನಿಂದ ಅಪ್ಪನ ಮುಖದ ಧೂಳು ಒರೆಸಿ ಬರುತ್ತಿದ್ದಳು. ಒಂದು ದಿನ ಒರೆಸುವಾಗ ಅಪ್ಪನ ಕೆನ್ನೆಯ ಆಚೆಗೆ ದಡದ ಹುಣಸೆಮರ ಕಂಡಿತು. ಮಾರನೆಯ ದಿನ ಅವನ ಎದೆಯ ಆಚೆಗೆ ಕೋಟೆಯ ಗೋಡೆ ಕಂಡಿತು. ಅಪ್ಪ ದಿನದಿನಕ್ಕೆ ತಿಳಿಯಾಗುತ್ತಿದ್ದ. ಪೂರ್ತಿ ತಿಳಿಯಾದರೆ ನೀರೊಳಗೆ ನೀರಾಗಿಬಿಡುತ್ತಾನೆ ಎಂದು ಅವಳಿಗೆ ಯಾರೂ ಹೇಳಬೇಕಾಗಲಿಲ್ಲ.

ರಾಜ ತನ್ನ ದಳವಾಯಿಯನ್ನು ಬೆಟ್ಟಕ್ಕೆ ಕಳಿಸಿದ. ದಳವಾಯಿ ಬರಲಿಲ್ಲ. ಮೂವರು ಗಟ್ಟಿ ಸೈನಿಕರನ್ನು ಕಳಿಸಿದ. ಅವರೂ ಬರಲಿಲ್ಲ. ಆಮೇಲೆ ಹೋಗುವವರೇ ಇಲ್ಲದಾಯಿತು. ಆಗ ಹಾಲವ್ವ ರೊಟ್ಟಿ ಕಟ್ಟಿಕೊಂಡು, ಯಾರಿಗೂ ಹೇಳದೆ, ಹೊಳೆಯ ದಂಡೆ ಹಿಡಿದು ಮೇಲುಮುಖವಾಗಿ ನಡೆದಳು.

ನಡೆದಳು, ನಡೆದಳು. ದಾರಿಗೆ ಅಡ್ಡವಾಗಿ ಒಂದು ಮೊಸಳೆ ಮಲಗಿತ್ತು. ಮನೆಯಷ್ಟು ದೊಡ್ಡದು. ಮೂತಿಯ ಎರಡೂ ಕಡೆ ಹುರಿಮೀಸೆ.

"ಏನು ಬೇಕು ನಿನಗೆ?" ಎಂದಿತು ಮೊಸಳೆ.

ಹಾಲವ್ವ ನೆಲ ನೋಡಿದಳು. ದಾರಿ ಬೇಕಿತ್ತು. ಆದರೆ ಹೋಗಿ ಬಾ ಅನ್ನದೆ ಹಬ್ಬ ಮುಗಿದಿಲ್ಲ, ಹಬ್ಬ ಮುಗಿಯದೆ ಬೇಡುವ ಹಾಗಿಲ್ಲ.

"ಏನೂ ಬೇಡ. ನೀವು ಚೆನ್ನಾಗಿದ್ದೀರಾ?" ಎಂದಳು.

ಮೊಸಳೆ ಒಂದು ಕಣ್ಣು ಮುಚ್ಚಿ ತೆರೆಯಿತು. "ನಾನು ಯಾರು ಗೊತ್ತಾ? ದಳವಾಯಿ. ಕಂಕಾಳಯ್ಯನ ಹತ್ರ ಹೋಗಿ ಕತ್ತಿ ಹಿರಿದು, ಹರಿವು ಕೊಡು ಅಂದೆ. ಹೀಗಾದೆ. ಅವನ ಹತ್ರ ಏನನ್ನಾದ್ರೂ ಬೇಡಿದವರು ಅವನ ಆಳಾಗ್ತಾರೆ. ಸೈನಿಕರು ಮೇಲೆ ಹೋದಮೇಲೆ ನನಗೆ ಅಪ್ಪಣೆಯಾಯ್ತು, ಬಂದವರನ್ನು ತಡೆದು ಏನು ಬೇಕು ಅಂತ ಕೇಳಬೇಕು ಅಂತ. ಏನಾದ್ರೂ ಬೇಡಿದವರನ್ನ ತಿನ್ನಬೇಕು ಅಂತಾನೂ. ಏನೂ ಬೇಡದವರನ್ನ ಏನು ಮಾಡಬೇಕು ಅಂತ ಹೇಳಿಲ್ಲ."

"ಹಾಗಾದ್ರೆ ಚೆನ್ನಾಗಿಲ್ಲ ನೀವು."

"ಹಲ್ಲು ನೋಯ್ತದೆ ಕಣಮ್ಮ," ಎಂದಿತು ಮೊಸಳೆ ಸಣ್ಣ ದನಿಯಲ್ಲಿ. "ಮುಳ್ಳು ಸಿಕ್ಕಿಕೊಂಡಿದೆ. ದಳವಾಯಿ ಅಂದಮೇಲೆ ಇನ್ನೊಬ್ಬರ ಮುಂದೆ ಬಾಯಿ ತೆರೆಯೋದಕ್ಕೆ ನಾಚಿಕೆ."

ಹಾಲವ್ವ ಹರಿಗೋಲು ಹೆಣೆಯುವವರ ಮನೆಯ ಹುಡುಗಿ. ಬಿದಿರ ಸೀಳೊಂದನ್ನು ಕಿತ್ತು, ಮೊಸಳೆಯ ಬಾಯೊಳಗೆ ತಲೆ ಹಾಕಿ ಮುಳ್ಳು ತೆಗೆದಳು. ಮೊಸಳೆ ಬಾಲ ಮಡಿಸಿಕೊಂಡು ಪಕ್ಕಕ್ಕೆ ಸರಿಯಿತು.

ನಡೆದಳು, ನಡೆದಳು. ಕಣಿವೆಯೊಂದು ಎದುರಾಯಿತು. ದಂಡೆ ಮುಗಿದು, ಬಂಡೆಯೊಳಗಿನ ಗವಿಯೊಂದೇ ದಾರಿ. ಗವಿಯ ಬಾಯಲ್ಲಿ ಮೂರು ನೀರುನಾಯಿಗಳು ಕೂತಿದ್ದವು.

"ಬಂದ್ಲು ನೋಡ್ರಪ್ಪ ರಾಣಿ," ಎಂದಿತು ಒಂದು.

"ರೊಟ್ಟಿ ಗಂಟು ಬೇರೆ. ನೆಂಟರ ಮನೆಗಾ?"

"ಬಾಯಿ ಇಲ್ವಾ ಇವಳಿಗೆ? ಏ ಹುಡುಗಿ, ಏನು ಬೇಕು ಬೇಡ್ಕೋ. ದಾರಿ ಬೇಕಾ, ದೀವಟಿಗೆ ಬೇಕಾ?"

ಹಾಲವ್ವ ನೆಲ ನೋಡಿದಳು. "ಏನೂ ಬೇಡ. ನೀವು ಚೆನ್ನಾಗಿದ್ದೀರಾ, ಅಣ್ಣ?"

ಮೂರರ ಕಿವಿಯೂ ನೆಟ್ಟಗಾದವು. ನೀರುನಾಯಿಯಾದ ಮೇಲೆ ಅವನ್ನು ಯಾರೂ ಅಣ್ಣ ಎಂದಿರಲಿಲ್ಲ.

"ಊರಿಂದ ಬಂದ್ಯಾ?" ಎಂದಿತು ಸಣ್ಣದು. "ತೆಂಕಣಕೇರಿ ಗೊತ್ತಾ? ನಮ್ಮನೆ ಅಲ್ಲೇ."

"ಗೊತ್ತು. ನಿಮ್ಮ ಕರಿ ಎಮ್ಮೆ ಕರು ಹಾಕಿದೆ. ಹಣೆ ಮೇಲೆ ಬಿಳಿ ಚುಕ್ಕೆ. ಅದನ್ನ ನಿಮ್ಮವ್ವ ನಿಮ್ಮ ಹೆಸರಲ್ಲೇ ಕರೀತಾರೆ."

ಉಳಿದೆರಡು ಬಿದ್ದು ಬಿದ್ದು ನಕ್ಕವು. "ಎಮ್ಮೆಕರು ಆಯ್ತಲ್ಲೋ ನೀನು."

"ನಗಬೇಡಿ," ಎಂದಿತು ಸಣ್ಣದು. ಅದರ ಕಣ್ಣು ತುಂಬಿತ್ತು. "ಇನ್ನೂ ಹೇಳಕ್ಕ."

ಹಾಲವ್ವ ಹೇಳಿದಳು. ಅಷ್ಟು ಮಾತು ಅವಳು ಜನ್ಮದಲ್ಲೇ ಆಡಿರಲಿಲ್ಲ. ಅವಳಿಗೇ ಗೊತ್ತಾಗದಂತೆ ಎಲ್ಲ ನೋಡಿಟ್ಟುಕೊಂಡಿದ್ದಳು. ಯಾರ ಅಂಗಳದಲ್ಲಿ ಯಾವ ಹೂ, ಯಾರ ಅಜ್ಜಿ ಯಾರ ಮೇಲೆ ಮುನಿಸಿಕೊಂಡಿದ್ದಾಳೆ, ಎಲ್ಲ. ಕೇಳುತ್ತ ಕೇಳುತ್ತ ನೀರುನಾಯಿಗಳು ತಾವೇ ಎದ್ದು ಮುಂದೆ ಮುಂದೆ ನಡೆದವು. ಮಾತು ಮುಗಿಯುವುದರೊಳಗೆ ಗವಿ ಮುಗಿದಿತ್ತು.

"ಅವನು ಬಾಯಿ ಬಿಡಿಸ್ತಾನೆ, ಅಕ್ಕ. ಹುಷಾರು," ಎಂದವು.

ನಡೆದಳು, ನಡೆದಳು. ಬೆಟ್ಟದ ನೆತ್ತಿಯಲ್ಲಿ, ಹೊಳೆ ಹುಟ್ಟುವ ಬಂಡೆಯ ಮೇಲೆ ಕಂಕಾಳಯ್ಯ ಕೂತಿದ್ದ. ಮುಖ ಹಾಲುಗಲ್ಲದ ಮಗುವಿನದು, ಕಣ್ಣು ಮಾತ್ರ ತೀರ ಹಳೆಯವು. ತೊಡೆಯ ಮೇಲೆ ಗಿಂಡಿ.

"ಏನು ಬೇಕು?"

"ಏನೂ ಬೇಡ. ಊಟ ಆಯ್ತಾ?"

ಕಂಕಾಳಯ್ಯ ನಕ್ಕ. "ಜಾಣೆ. ನನಗೆ ಹಸಿವಿಲ್ಲ, ಮುಪ್ಪಿಲ್ಲ. ವಿಚಾರಿಸಿಕೊಂಡು ಎಷ್ಟು ದಿನ ಕೂರ್ತೀಯೋ ಕೂರು. ನಿಮ್ಮಪ್ಪನಿಗೆ ಮಾತ್ರ ಅಷ್ಟು ದಿನ ಇಲ್ಲ. ಬಾ, ನೋಡು."

ಅವನು ದಾರ ಬಿಚ್ಚದೆ, ಗಿಂಡಿಯ ಬಾಯನ್ನು ಅವಳ ಕಡೆ ಬಾಗಿಸಿದ. ಒಳಗೆ ಅಂಗೈಯಷ್ಟು ನೀರು. ನೀರಿನಲ್ಲಿ ಅಪ್ಪ ಕಂಡ. ಮಂಜಿನ ಹಾಗೆ, ಬರೀ ಗೆರೆಗೆರೆಯಾಗಿ. ಹುಟ್ಟು ಹಿಡಿದ ಕೈ ಆಗಲೇ ಕಾಣುತ್ತಿರಲಿಲ್ಲ.

ಹಾಲವ್ವನ ಗಂಟಲಿಗೆ ಮಾತು ಬಂತು. ಅಪ್ಪನನ್ನು ಕೊಡು ಎಂಬ ಮಾತು. ಅವಳು ಅದನ್ನು ನುಂಗಿದಳು. ಗಿಂಡಿಯ ಮೇಲೆ ಬಾಗಿ, ಕಂಕಾಳಯ್ಯನಿಗಲ್ಲ, ಒಳಗಿದ್ದವಳಿಗೆ ಹೇಳಿದಳು.

"ತಾಳಂಬೆ, ಚೆನ್ನಾಗಿದ್ದೀಯಾ?"

ನೀರು ನಡುಗಿತು. ಅಲ್ಲಿಗೆ ಬಂದವರೆಲ್ಲ ಅವನ ಮುಂದೆ ಬೇಡಿದ್ದರು. ಒಳಗಿದ್ದವಳನ್ನು ಯಾರೂ ಮಾತಾಡಿಸಿರಲಿಲ್ಲ.

"ನಮ್ಮ ಕಟ್ಟೆಯಲ್ಲಿ ನಾನು ಸುದ್ದಿ ಹೇಳೋದು ಬಾಕಿ ಇತ್ತು," ಎಂದಳು ಹಾಲವ್ವ. "ಹುಣಸೆ ಈ ಸಲ ಗೊಂಚಲು ಗೊಂಚಲು ಬಿಟ್ಟಿದೆ. ಮಿಂಚುಳ್ಳಿ ದಡದ ಮಣ್ಣಲ್ಲಿ ಬಿಲ ತೋಡಿ ಮರಿ ಮಾಡಿದೆ. ನಮ್ಮಪ್ಪ ನಿನ್ನ ನಡುವೆ ನಿಂತಿದಾನೆ. ಸುದ್ದಿ ಇಷ್ಟೇ."

ಕಂಕಾಳಯ್ಯನ ನಗು ನಿಂತಿತು. ಅವಳು ಏನು ಮಾಡಲು ಹೊರಟಿದ್ದಾಳೆಂದು ಅವನಿಗೆ ತಿಳಿಯಿತು. ಆದರೆ ಅವನ ಮಂತ್ರ ಹತ್ತುವುದು ಬೇಡಿದವರಿಗೆ ಮಾತ್ರ.

"ತಡಿ ಮಗಳೇ," ಎಂದ ಮೆತ್ತಗೆ. "ಹೋಗಿ ಬಾ ಅಂದ್ರೆ ಇಷ್ಟು ದಿನ ತಡೆದ ನೀರೆಲ್ಲ ಒಂದೇ ಸಲ ನುಗ್ತದೆ. ನಿಮ್ಮಪ್ಪನ ಹರಿಗೋಲು ತರಗೆಲೆ. ಮೊದಲು ಬೇಡ್ಕೋ. ಮೆಲ್ಲಗೆ ಹೋಗು, ಅಪ್ಪನ್ನ ಉಳಿಸು ಅನ್ನು. ತವರಿನ ಮಾತಿಗೆ ಅವಳು ಇಲ್ಲ ಅಂತಾಳಾ? ಒಂದೇ ಮಾತು."

ಅವನು ಹೇಳಿದ್ದು ನಿಜವೇ ಆಗಿತ್ತು. ಹೊಳೆ ಇಲ್ಲ ಅನ್ನುತ್ತಿರಲಿಲ್ಲ. ಆದರೆ ಬೇಡಿದ ಕ್ಷಣಕ್ಕೆ ಹೊಳೆ ಮತ್ತೆ ಕಟ್ಟುಬೀಳುತ್ತಿತ್ತು, ಕರಿದಾರಕ್ಕೆ ಇನ್ನೊಂದು ಗಂಟು ಬೀಳುತ್ತಿತ್ತು. ರಾಜ ಬೇಡಿದ್ದೂ ಒಂದೇ ಮಾತು.

ಹಾಲವ್ವ ಬಹಳ ಹೊತ್ತು ನೀರಿನಲ್ಲಿದ್ದ ಅಪ್ಪನನ್ನು ನೋಡಿದಳು. ಅವಳ ಕಣ್ಣೀರು ಗಿಂಡಿಯೊಳಗೆ ಬಿತ್ತು. ಆಮೇಲೆ ಏನೂ ಬೇಡದೆ, ಬಾಗಿಲವರೆಗೆ ಬಂದು ಕಳಿಸಿಕೊಡುವವರ ದನಿಯಲ್ಲಿ, "ಹೋಗಿ ಬಾ ತಾಯಿ" ಎಂದಳು.

ಕರಿದಾರ ಹರಿಯಿತು. ಗಿಂಡಿಯಿಂದ ಮೊದಲು ಒಂದು ಎಳೆ, ಆಮೇಲೆ ಒಂದು ತೊರೆ, ಆಮೇಲೆ ಇಡೀ ತಾಳಂಬೆ ಹೊರಬಂದಳು. ತಡೆದಿಟ್ಟಿದ್ದ ವರುಷಗಳೆಲ್ಲ ಕಂಕಾಳಯ್ಯನ ಮೇಲೆ ಒಟ್ಟಿಗೆ ಹಾದುಹೋದವು. ಅವನು ಕೂತಿದ್ದಲ್ಲಿ ಒಂದು ಹಿಡಿ ಮರಳು ಉಳಿಯಿತು. ನೀರು ಅದನ್ನೂ ಒಯ್ದಿತು.

ಹಾಲವ್ವ ಇಳಿಜಾರಿನಲ್ಲಿ ಓಡಿದಳು. ಗವಿಯ ಹತ್ತಿರ ಮೂವರು ಹುಡುಗರು ಒದ್ದೆ ಬಟ್ಟೆಯಲ್ಲಿ ನಿಂತಿದ್ದರು. ಅವಳ ಹಿಂದೆ ಅವರೂ ಓಡಿದರು. ಮುಂದೆ ಮೀಸೆಯ ದಳವಾಯಿ ಸಿಕ್ಕ. ಅವನೂ ಓಡಿದ. ಪಕ್ಕದಲ್ಲಿ ಹೊಳೆ ಬಂಡೆ ಉರುಳಿಸಿಕೊಂಡು ಅವರಿಗಿಂತ ಎಷ್ಟೋ ಮುಂದೆ ಹೋಗುತ್ತಿತ್ತು.

ಊರು ಮುಟ್ಟಿದಾಗ ಮೊದಲು ಕಂಡದ್ದು ಹರಿಗೋಲು. ಹುಣಸೆಮರದ ಬೇರಿಗೆ ಬೋರಲು ಸಿಕ್ಕಿಕೊಂಡಿತ್ತು. ಒಳಗೆ ಯಾರೂ ಇರಲಿಲ್ಲ. ಹಾಲವ್ವ ಅದರ ಪಕ್ಕ ಕೂತುಬಿಟ್ಟಳು. ದಳವಾಯಿ ಮುಖ ತಿರುಗಿಸಿಕೊಂಡ.

ಆಗ ಅರಮನೆಯ ಕಡೆಯಿಂದ ಒಂದು ದನಿ ಕೇಳಿಸಿತು. ಯಾರನ್ನೋ ಬೈಯುತ್ತಿದ್ದ ದನಿ.

ಎಲ್ಲರೂ ಅತ್ತ ಓಡಿದರು. ಹೊಳೆ ಮಂಟಪದ ಮೆಟ್ಟಿಲೇರಿ, ಮೈಲಾರಪ್ಪನನ್ನು ರಾಜನ ಪೀಠದ ಮೇಲೆ ಕೂರಿಸಿ, ಇಳಿದು ಹೋಗಿತ್ತು. ಅವನ ಮೈಯಿಂದ ನೀರು ಸುರಿಯುತ್ತಿತ್ತು. ಮೈಯ ಆಚೆ ಏನೂ ಕಾಣುತ್ತಿರಲಿಲ್ಲ. ಗಟ್ಟಿಮುಟ್ಟಾದ, ಕಪ್ಪಗಿನ, ಸಿಟ್ಟಿನ ಮನುಷ್ಯ. ತಾನು ಕೂತದ್ದು ಎಲ್ಲಿ ಎಂಬುದು ಅವನಿಗಿನ್ನೂ ತಿಳಿದಿರಲಿಲ್ಲ.

"ಹಬ್ಬದ ದಿನ ಹೊಳೆ ಮುಂದೆ ಕೈಯೊಡ್ಡಿ, ನಿಲ್ಲಮ್ಮ ಅಂದ ದನಿ ಯಾರದು ಅಂತ," ಎನ್ನುತ್ತಿದ್ದ. "ಅವನಿಗೆ ಹೆತ್ತವರು ಏನೂ ಹೇಳಿಕೊಟ್ಟಿಲ್ವಾ? ಯಾವ ಊರ ದಡ್ಡ ಅವನು?"

ಮೆಟ್ಟಿಲ ಕೆಳಗೆ ಬೊಪ್ಪರಸ ಕೈಕಟ್ಟಿ ನಿಂತಿದ್ದ.

"ಇದೇ ಊರು, ಮೈಲಾರಪ್ಪ," ಎಂದ ರಾಜ. "ನಾನೇ."

ಮೈಲಾರಪ್ಪ ರಾಜನನ್ನು ನೋಡಿದ, ಪೀಠ ನೋಡಿದ, ದಡಬಡಿಸಿ ಏಳಲು ಹೋದ.

"ಕೂತಿರು," ಎಂದ ರಾಜ. "ಬೈಯೋದು ಇನ್ನೂ ಮುಗಿದಿಲ್ಲ."

ಹಾಲವ್ವ ಜನರ ನಡುವೆ ದಾರಿ ಮಾಡಿಕೊಂಡು ಬಂದು ಅಪ್ಪನ ಒದ್ದೆ ಮಂಡಿಯ ಮೇಲೆ ತಲೆಯಿಟ್ಟಳು. ಅವನು ಅವಳ ನೆತ್ತಿ ಸವರಿ, "ಯಾಕೆ ಇಷ್ಟು ಸೊರಗಿದೀಯೆ? ಬೆಳಿಗ್ಗೆ ಚೆನ್ನಾಗೇ ಇದ್ಯಲ್ಲ" ಎಂದ.

ಅಂದಿನಿಂದ ಮಡುವಿನಕೋಟೆಯಲ್ಲಿ ಮಳೆ ಬೆಳೆ ಕಾಲಕಾಲಕ್ಕೆ ಆಯಿತು, ಅಂಬಿಗರ ಮನೆಯಲ್ಲಿ ಹಾಡು ನಿಲ್ಲಲಿಲ್ಲ, ರಾಜನಿಗೆ ನಿದ್ದೆ ಚೆನ್ನಾಗಿ ಬಂತು. ಹಬ್ಬದ ದೀಪಗಳು ತಮಗೆ ಬೇಕಾದಷ್ಟು ಬೇಗ ಹರಿದುಹೋದವು. ನೋಡಬೇಕೆಂದವರು ದಡದಲ್ಲಿ ಅವುಗಳ ಜೊತೆಗೇ ಸ್ವಲ್ಪ ದೂರ ನಡೆದುಹೋದರು.