ಐದನೆಯ ರೆಕ್ಕೆ

ನಾರ್ಫೋಕ್‌ನ ಥರ್ನ್‌ಬಿ ಚಿತ್ರಕಾರರ ಸಂಘದ ಪ್ರದರ್ಶನದಲ್ಲಿ ಮಿಸ್ ಎನಿಡ್ ಕಟಿಂಗ್ ಬರೆದ ಗಾಳಿಗಿರಣಿ ಪ್ರತಿವರ್ಷ ಅಗ್ಗಿಷ್ಟಿಕೆಯ ಮೇಲೆ ರಾರಾಜಿಸುತ್ತಿತ್ತು. ಆಂಬ್ರೋಸ್ ಲಾರ್ಟರ್ ಬರೆದ ಅದೇ ಗಿರಣಿ ಪ್ರತಿವರ್ಷ ಶೌಚಾಲಯದ ಬಾಗಿಲ ಪಕ್ಕ ನೇತಾಡುತ್ತಿತ್ತು. ಅಲ್ಲಿಗೆ ಧಾವಿಸಿ ಬರುವವರಿಗೆ ಕಲೆ ನೋಡುವ ವ್ಯವಧಾನ ಎಲ್ಲಿಂದ ಬರಬೇಕು? ಈ ಸಲವೂ ಅದೇ ಮೊಳೆ ಎಂದು ಗೊತ್ತಾದಾಗ ಆಂಬ್ರೋಸ್ ಸೇಡು ತೀರಿಸಿಕೊಳ್ಳಲು ನಿರ್ಧರಿಸಿದ.

ಚಿತ್ರ ಕದಿಯುವುದು ಕಳ್ಳರ ಕೆಲಸ, ಹರಿಯುವುದು ಪುಂಡರ ಕೆಲಸ. ಅವನದು ಕಲಾವಿದನ ಸೇಡು. ಎನಿಡ್ ಬರೆದ ನಾಲ್ಕು ರೆಕ್ಕೆಗಳ ನಡುವೆ ಐದನೆಯದೊಂದನ್ನು ಅಷ್ಟೇ ನಾಜೂಕಾಗಿ ಬರೆದುಬಿಡುವುದು. ಉದ್ಘಾಟನೆಗೆ ಬಂದ ಪಾದ್ರಿ ನಕ್ಕರೆ ಊರೇ ನಗುತ್ತದೆ, ಅಗ್ಗಿಷ್ಟಿಕೆಯ ಮೇಲಿನ ಜಾಗ ತೆರವಾಗುತ್ತದೆ. ಸಿಕ್ಕಿಬಿದ್ದರೆ ಮಾತ್ರ ಸಂಘದಿಂದಲೇ ಹೊರಕ್ಕೆ. ಆಮೇಲೆ ಶೌಚಾಲಯದ ಪಕ್ಕದ ಮೊಳೆಯೂ ಇಲ್ಲ.

ಸಿಕ್ಕಿಬೀಳುವ ಮಾತೆಲ್ಲಿ ಬಂತು? ಪ್ರದರ್ಶನದ ಹಿಂದಿನ ಮಧ್ಯಾಹ್ನ ಸಂಘದವರೆಲ್ಲ ಪಾದ್ರಿಯ ತೋಟಕ್ಕೆ ಚಹಾಕ್ಕೆ ಹೋಗುತ್ತಾರೆ, ಸಭಾಂಗಣ ಬಿಕೋ ಎನ್ನುತ್ತದೆ. ಆ ಹೊತ್ತಿಗೆ ಆಂಬ್ರೋಸ್ ಗಿರಣಿಯ ಪಡುವಣ ಹುಲ್ಲುಗಾವಲಿನಲ್ಲಿ ಚಿತ್ರ ಬರೆಯುತ್ತಿರುತ್ತಾನೆ. ಅಂದರೆ, ಅಲ್ಲಿ ಅವನ ದೊಡ್ಡ ಕೊಡೆ ಇರುತ್ತದೆ, ಕೊಡೆಯ ಕೆಳಗೆ ಹುಲ್ಲು ತುಂಬಿದ ಅವನ ಪ್ಯಾಂಟೂ ಬೂಟೂ ಇರುತ್ತವೆ. ಚಿತ್ರ ಬರೆಯುವವನನ್ನು ಮಾತಾಡಿಸುವುದು ಆ ಊರಲ್ಲಿ ಪ್ರಾರ್ಥಿಸುವವನ ಭುಜ ತಟ್ಟಿದಷ್ಟೇ ಅಸಭ್ಯ. ಜನ ದೂರದಿಂದಲೇ ಟೊಪ್ಪಿ ಎತ್ತಿ ಮುಂದೆ ಹೋಗುತ್ತಾರೆ. ಇನ್ನು ಅವತ್ತು ಬರೆದ ಚಿತ್ರ? ಅದನ್ನು ಅದರ ಹಿಂದಿನ ದಿನವೇ ಅಲ್ಲಿ ಕೂತು ಮುಗಿಸಿಟ್ಟಿದ್ದ. ಎಣ್ಣೆಬಣ್ಣ ಆರುವುದಕ್ಕೆ ದಿನಗಟ್ಟಲೆ ಬೇಕು. ಒಂದು ದಿನದ ವ್ಯತ್ಯಾಸ ಯಾವ ಮಗನಿಗೂ ತಿಳಿಯದು. ಮೋಡವೂ ಹಿಂದಿನ ದಿನದಷ್ಟೇ ಬೂದಿಬಣ್ಣಕ್ಕಿತ್ತು, ಅದನ್ನು ಅವನು ಎರಡು ಸಲ ನೋಡಿ ಖಾತ್ರಿ ಮಾಡಿಕೊಂಡ.

ಎಲ್ಲ ಅಂದುಕೊಂಡಂತೆಯೇ ನಡೆಯಿತು. ಐದನೆಯ ರೆಕ್ಕೆ ಎಷ್ಟು ಚೆನ್ನಾಗಿ ಬಂತೆಂದರೆ ಸಹಿ ಹಾಕದೆ ಬರುವಾಗ ಅವನಿಗೆ ನಿಜಕ್ಕೂ ಸಂಕಟವಾಯಿತು. ಸಂಜೆ ಹುಲ್ಲುಗಾವಲಿಗೆ ಹೋಗಿ ಪ್ಯಾಂಟನ್ನು ಚೀಲಕ್ಕೆ ತುರುಕಿದ. ಗಿರಣಿಯತ್ತ ತಲೆ ಎತ್ತುವ ಅಗತ್ಯ ಕಾಣಲಿಲ್ಲ. ಅದರ ಒಂದೊಂದು ಹಲಗೆಯೂ ಅವನಿಗೆ ಬಾಯಿಪಾಠ.

ಮರುದಿನ ಪಾದ್ರಿ ಅಗ್ಗಿಷ್ಟಿಕೆಯ ಮುಂದೆ ನಿಂತು ಕನ್ನಡಕ ಒರೆಸಿಕೊಂಡರು.

"ಎನಿಡ್, ಇದೇನಮ್ಮ, ಗಿರಣಿಯೋ ನಕ್ಷತ್ರಮೀನೋ?"

ಸಭಾಂಗಣ ಗೊಳ್ಳೆಂದಿತು. ಎನಿಡ್ ಐದನೆಯ ರೆಕ್ಕೆಗೆ ಬೆರಳು ತಾಗಿಸಿದಳು. ಬೆರಳಿಗೆ ಬಣ್ಣ ಹತ್ತಿತು.

"ನಿನ್ನೆ ಚಹಾಕ್ಕೆ ಹೊರಡೋವಾಗ ನಾಲ್ಕೇ ರೆಕ್ಕೆ ಇತ್ತು, ಇದು ಆಮೇಲಿನ ಕೆಲಸ. ಚಹಾಕ್ಕೆ ಬರದೆ ಇದ್ದೋರು ಯಾರು?"

"ನಾನೇ," ಎಂದ ಆಂಬ್ರೋಸ್ ತಣ್ಣಗೆ, ತನ್ನ ಹಸಿ ಚಿತ್ರವನ್ನು ಎತ್ತಿ ಹಿಡಿದು. "ಮಧ್ಯಾಹ್ನವೆಲ್ಲ ಹುಲ್ಲುಗಾವಲಲ್ಲಿ ಕೂತು ಇದನ್ನ ಬರೀತಿದ್ದೆ."

"ಹೌದ್ರೀ, ನಾನೇ ನೋಡಿದೆ," ಎಂದರು ಪಾದ್ರಿಯ ಹೆಂಡತಿ. "ಪಾಪ, ಕಾಲು ಕೂಡ ಅಲ್ಲಾಡಿಸ್ದೆ ಕೂತಿದ್ರು."

ಎನಿಡ್ ಅವನ ಚಿತ್ರದ ಹತ್ತಿರ ಬಂದಳು. ನಾಲ್ಕು ರೆಕ್ಕೆಗಳನ್ನೂ ಹರಡಿಕೊಂಡು ಗಿರಣಿ ಎಲ್ಲರ ಮುಖ ನೋಡುತ್ತಿತ್ತು. "ಚೆನ್ನಾಗಿದೆ, ಮಿಸ್ಟರ್ ಲಾರ್ಟರ್," ಎಂದಳು. "ಆದ್ರೆ ನಿನ್ನೆ ಬೆಳಿಗ್ಗೇನೇ ಗಾಳಿ ತಿರುಗಿ ಮೂಡಣದಿಂದ ಬೀಸೋಕೆ ಶುರುವಾಯ್ತಲ್ಲ. ಗಾಳಿ ಬಂದ ಕಡೆಗೆ ಗಿರಣೀನೂ ಮುಖ ತಿರುಗಿಸ್ಕೊಳ್ತು. ನಿನ್ನೆ ದಿನವಿಡೀ ಅದು ನಿಮಗೆ ಬೆನ್ನು ಹಾಕಿ ನಿಂತಿತ್ತು."